ಪುಸ್ತಕದ ಗಂಟು ಹೊರುವವರು ಯಾರು?

ಪತ್ರ: ಸಾಲ ಮಾಡಿ ನನ್ನ ಮೊದಲ ಕಥಾಸಂಕಲನದ ಐನೂರು ಪ್ರತಿ ಅಚ್ಚು ಹಾಕಿಸಿದೆ. ಬಿಡುಗಡೆ ಸಮಾರಂಭ ಚೆನ್ನಾಗಿಯೇ ಆಯಿತು. ಗೌರವ ಪ್ರತಿಗಳನ್ನು ಹಂಚಿದೆ. ಉಳಿದವೆಲ್ಲ ಅಟ್ಟದ ಮೇಲಿವೆ. ಹಣ ಕೊಟ್ಟು ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದರೆ ಓದುಗರು ಸಿಗುತ್ತಾರೆಯೇ? ಲೇಖಕನೇ ಪುಸ್ತಕ ಮಾರಲು ನಿಲ್ಲುವುದು ಅವಮಾನವಲ್ಲವೇ?
– ಒಬ್ಬ ಕಥೆಗಾರ, ಹಾವೇರಿ

ಉತ್ತರ: ಕೊನೆಯ ಪ್ರಶ್ನೆಯನ್ನು ಹಾವೇರಿಯವರಾದ ನೀವು ಕೇಳಬಾರದಿತ್ತು. ನಿಮ್ಮದೇ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ನಾವು ಗಳಗನಾಥರೆಂದು ಕರೆಯುವ ಹಿರಿಯರು, ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಪ್ರಾಬಲ್ಯವಿದ್ದ ಆ ನೆಲದಲ್ಲಿ ಕನ್ನಡಕ್ಕೆ ಓದುಗರು ಹುಟ್ಟಿದ್ದು ಹಾಗೆ. ಜಿ.ಪಿ. ರಾಜರತ್ನಂ ಕೂಡ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು. ಅವರಿಗಿಲ್ಲದ ಅವಮಾನ ನಮಗೆ ಎಲ್ಲಿಂದ ಬಂತು?

ಜಾಲತಾಣ ಬೇಡವೆನ್ನುವುದಿಲ್ಲ. ದೂರದ ಊರಿನ ಕನ್ನಡಿಗರಿಗೆ ಸುದ್ದಿ ಮುಟ್ಟಿಸಲು ಅದು ಬೇಕು. ಆದರೆ ಮೆಚ್ಚುಗೆಯ ಗುರುತು ಒತ್ತಿದವರೆಲ್ಲ ಕೊಳ್ಳುವುದಿಲ್ಲ, ಕೊಂಡವರೆಲ್ಲ ಓದುವುದಿಲ್ಲ. ಸಾಲದ ಮೇಲೆ ಸಾಲ ಮಾಡಿ ಆ ಜಾಹೀರಾತಿಗೆ ಸುರಿಯಬೇಡಿ.

ಇನ್ನು ನಿಮ್ಮ ಸಮಾರಂಭ. ಇಂಥವನ್ನು ನಾನು ಬಹಳ ನೋಡಿದ್ದೇನೆ. ಬಣ್ಣದ ಕಾಗದ ಬಿಚ್ಚಿ, ಅತಿಥಿಗಳೆಲ್ಲ ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೊಗೆ ನಿಲ್ಲುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮೂವರ ಭಾಷಣ ಮುಗಿಯುವ ಹೊತ್ತಿಗೆ ಸಭೆ ಉಪ್ಪಿಟ್ಟಿನ ಕಡೆ ನಡೆದಿರುತ್ತದೆ. ಬಾಗಿಲ ಬಳಿಯ ಮಾರಾಟದ ಮೇಜಿನ ಹಿಂದೆ ಲೇಖಕರ ತಮ್ಮನೊಬ್ಬ ಚಿಲ್ಲರೆ ಹಿಡಿದು ಕುಳಿತಿರುತ್ತಾನೆ. ಅಷ್ಟು ಹೊತ್ತಿನಲ್ಲಿ ಕಥೆಯ ಒಂದು ಪುಟವನ್ನಾದರೂ ಯಾರೂ ಓದಿರುವುದಿಲ್ಲ. ಗೌರವ ಪ್ರತಿಗಳ ಗತಿ ತಿಳಿಯಬೇಕಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳನ್ನು ಕೆದಕಿ. 'ಪ್ರೀತಿಪೂರ್ವಕ' ಎಂದು ಸಹಿ ಹಾಕಿ ಕೊಟ್ಟ ಪ್ರತಿಗಳು ಅಲ್ಲಿ ಸಿಗುತ್ತವೆ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆಯೇ. ಬಿಟ್ಟಿ ಕೊಡುವ ಈ ಚಾಳಿಯನ್ನು ಮೊದಲು ಬಿಡಿ. ಬೆಲೆ ಕೊಟ್ಟ ಓದುಗನಿಗೆ ಪುಸ್ತಕದ ಮೇಲೊಂದು ಹಕ್ಕು ಬರುತ್ತದೆ. ಅವನು ಓದುತ್ತಾನೆ, ಬೈಯುತ್ತಾನೆ, ಇನ್ನೊಬ್ಬರಿಗೆ ಹೇಳುತ್ತಾನೆ.

ನಿಮ್ಮ ಸುತ್ತಲಿನ ಕಾಲೇಜುಗಳ ಕನ್ನಡ ಅಧ್ಯಾಪಕರನ್ನು ಕಂಡು, ತರಗತಿಯಲ್ಲಿ ಅರ್ಧ ಗಂಟೆ ಸಮಯ ಕೇಳಿ. ಭಾಷಣ ಬೇಡ, ನಿಮ್ಮ ಅತ್ಯುತ್ತಮ ಕಥೆಯೊಂದನ್ನು ಗಟ್ಟಿಯಾಗಿ ಓದಿ. ಹತ್ತು ಪ್ರತಿ ಮಾರಾಟವಾದರೂ ಸಾಕು. ಕೊಂಡವರ ಹೆಸರು, ದೂರವಾಣಿ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನೇ ಪುಸ್ತಕಕ್ಕೆ ಪ್ರಕಟಣಪೂರ್ವ ಬೆಲೆ ಇಟ್ಟು ಮೊದಲು ಇವರಿಗೇ ತಿಳಿಸಿ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆ ಆರಂಭಿಸಿದ ಜಿ.ಬಿ. ಜೋಶಿಯವರು ಚಂದಾದಾರರನ್ನು ನಂಬಿಯೇ ಹೆಜ್ಜೆ ಇಟ್ಟರು. ಮುಂಗಡ ಕೊಟ್ಟ ಓದುಗರ ಬಲದಿಂದ ದೊಡ್ಡ ಲೇಖಕರ ಸಾಲೇ ಬೆಳಕಿಗೆ ಬಂತು.

ಇಷ್ಟೆಲ್ಲ ಲೇಖಕ ಮಾಡಿದರೂ ಸರ್ಕಾರ ಅಡ್ಡಗಾಲು ಹಾಕುವುದನ್ನು ಬಿಡುವುದಿಲ್ಲ. ಕಡಿಮೆ ದರದಲ್ಲಿ ಪುಸ್ತಕ ಕಳುಹಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿಬಿಟ್ಟಿತು. ಸಣ್ಣ ಊರಿನ ಲೇಖಕ, ಪ್ರಕಾಶಕರಿಗೆ ಬಿದ್ದ ಪೆಟ್ಟು ಇದು. ದೊಡ್ಡದಾಗಿ ದನಿ ಎತ್ತಬೇಕಿದ್ದ ನಮ್ಮ ಸಾಹಿತ್ಯ ಸಂಸ್ಥೆಗಳು ಆಗ ಸಾಹಿತ್ಯ ಸಮ್ಮೇಳನದ ಊಟದ ಚರ್ಚೆಯಲ್ಲಿ ಮುಳುಗಿದ್ದವು. ಗ್ರಂಥಾಲಯಗಳ ಕಥೆಯೂ ಅಷ್ಟೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿದೆ. ಅದನ್ನು ನೀವೂ ಕಟ್ಟುತ್ತೀರಿ, ನಾನೂ ಕಟ್ಟುತ್ತೇನೆ. ಸಂಗ್ರಹಿಸಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸರಿಯಾಗಿ ಕೊಡದೆ ಬಾಕಿ ಉಳಿಸಿಕೊಳ್ಳುವ ಸುದ್ದಿ ವರ್ಷವರ್ಷವೂ ಬರುತ್ತದೆ. ಆ ಹಣ ಸಕಾಲಕ್ಕೆ ತಲುಪಿದರೆ ನಿಮ್ಮಂಥವರ ಪುಸ್ತಕಗಳನ್ನು ಕೊಳ್ಳಲು ಗ್ರಂಥಾಲಯಗಳ ಕೈಯಲ್ಲಿ ಕಾಸಿರುತ್ತದೆ. ಈ ಸಲ ತೆರಿಗೆ ಕಟ್ಟಲು ಹೋದಾಗ, ಕಳೆದ ವರ್ಷ ಎಷ್ಟು ಗ್ರಂಥಾಲಯ ಕರ ಸಂಗ್ರಹವಾಯಿತು, ಅದರಲ್ಲಿ ಎಷ್ಟು ಹಣ ಗ್ರಂಥಾಲಯಕ್ಕೆ ಸಂದಿತು ಎಂದು ಲಿಖಿತವಾಗಿ ಕೇಳಿ. ಬಂದ ಉತ್ತರವನ್ನು ಇದೇ ಅಂಕಣದಲ್ಲಿ ಪ್ರಕಟಿಸುತ್ತೇನೆ.
– ಸಂಪಾದಕ