ಕಚೇರಿಯ ಇಮೇಲ್ ಸ್ಪಷ್ಟವಾಗಲು, ಸಭೆ ಫಲಪ್ರದವಾಗಲು ಏನು ಮಾಡಬೇಕು?

ಇಮೇಲ್ ಬರೆಯಲು ಕೂರುವ ಮೊದಲು, ಓದಿದವರು ಏನು ಮಾಡಬೇಕೆಂಬುದನ್ನು ನಾವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ನಮ್ಮ ಯೋಚನೆಯೇ ಇನ್ನೂ ತೀರ್ಮಾನಕ್ಕೆ ಬಂದಿಲ್ಲವೆಂದು ತಿಳಿಯಬೇಕು. ಆ ವಾಕ್ಯವೇ ಪತ್ರದ ಮೊದಲ ಸಾಲಾಗಲಿ, ಹಿನ್ನೆಲೆ ಅನಂತರ ಬರಲಿ. ‘ವರದಿಯ ಬಗ್ಗೆ’ ಎಂಬ ಶೀರ್ಷಿಕೆ ಏನನ್ನೂ ತಿಳಿಸುವುದಿಲ್ಲ; ‘ಮಾರಾಟ ವರದಿ: ಗುರುವಾರ ಸಂಜೆ 4ರೊಳಗೆ ನಿಮ್ಮ ಒಪ್ಪಿಗೆ ಬೇಕು’ ಎಂದು ಬರೆದರೆ, ಪತ್ರವನ್ನು ತೆರೆಯುವ ಮುನ್ನವೇ ಕೆಲಸ, ಗಡುವು ಎರಡೂ ತಿಳಿಯುತ್ತವೆ. ‘ಆದಷ್ಟು ಬೇಗ’ ಎಂಬ ಮಾತನ್ನು ನಾನಂತೂ ಸಂಪೂರ್ಣವಾಗಿ ಕೈಬಿಟ್ಟಿದ್ದೇನೆ, ಏಕೆಂದರೆ ಬರೆದವರ ಮನಸ್ಸಿನಲ್ಲಿ ಅದು ‘ಇಂದೇ’ ಎಂದಿದ್ದರೂ ಓದಿದವರಿಗೆ ‘ಈ ವಾರದೊಳಗೆ’ ಎಂದು ತೋರಬಹುದು. ಕೆಲಸ ಮಾಡಬೇಕಾದವರ ಹೆಸರು ‘ಟು’ ಸಾಲಿನಲ್ಲಿ, ಕೇವಲ ತಿಳಿದಿರಬೇಕಾದವರ ಹೆಸರು ‘ಸಿಸಿ’ಯಲ್ಲಿ ಇರಬೇಕು.

ಸಭೆಯ ವಿಚಾರದಲ್ಲಿ ಮೊದಲು ಲೆಕ್ಕ ಹಾಕಬೇಕು: 8 ಮಂದಿ ಒಂದು ಗಂಟೆ ಕುಳಿತರೆ ಒಬ್ಬರ ಇಡೀ ದಿನದ ದುಡಿಮೆ ಖರ್ಚಾದಂತೆ. ಬರೀ ಮಾಹಿತಿ ಹಂಚುವುದಿದ್ದರೆ ಇಮೇಲ್ ಸಾಕು. ಕಾರ್ಯಸೂಚಿಯಲ್ಲಿ ‘ಬಜೆಟ್’ ಎಂದಷ್ಟೇ ಬರೆಯದೆ ‘ತರಬೇತಿಯ ಹಣವನ್ನು ಯಾವ ತಂಡಕ್ಕೆ ಕೊಡಬೇಕು?’ ಎಂದು ಪ್ರಶ್ನೆಯಾಗಿ ಬರೆದರೆ, ಉತ್ತರ ಸಿಕ್ಕಿತೋ ಇಲ್ಲವೋ ಎಂಬುದು ಎಲ್ಲರಿಗೂ ಕಾಣುತ್ತದೆ. ತೂಕದ ವಿಷಯವನ್ನೇ ಮೊದಲು ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಸಣ್ಣ ವಿಷಯಗಳೇ ಸಮಯವನ್ನು ನುಂಗುತ್ತವೆ. ಅಣುಸ್ಥಾವರಕ್ಕೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ಚರ್ಚಿಸುವ ಸಮಿತಿಯನ್ನು ಬ್ರಿಟನ್ನಿನ ಲೇಖಕ ಪಾರ್ಕಿನ್ಸನ್ 1957ರಲ್ಲೇ ಚಿತ್ರಿಸಿದ್ದರು. ಸಭೆ ಮುಗಿಯುವ ಮುನ್ನ ಪ್ರತಿ ತೀರ್ಮಾನದ ಎದುರು ಒಬ್ಬರೇ ಒಬ್ಬರ ಹೆಸರನ್ನೂ ದಿನಾಂಕವನ್ನೂ ಬರೆದು, ಅಂದೇ ಎಲ್ಲರಿಗೂ ಕಳುಹಿಸಬೇಕು.