ರೆಕಾರ್ಡರ್ ಆರಿಸುವಾಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗೈಯಗಲದ ಡಿಜಿಟಲ್ ರೆಕಾರ್ಡರುಗಳ ಬಗ್ಗೆ. ‘ಯಾವುದು ಒಳ್ಳೆಯದು?’ ಎಂದಷ್ಟೇ ಕೇಳಿದವರಿಗೆ ಉತ್ತರ ಹೇಳುವುದು ಕಷ್ಟ. ಏನನ್ನು ದಾಖಲಿಸುತ್ತೀರಿ, ಎಷ್ಟು ದೂರದಿಂದ ಎಂಬುದನ್ನು ತಿಳಿಸಿದವರ ಪ್ರಶ್ನೆಗಳನ್ನು ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹಿರಿಯರ ನೆನಪು, ಹಾಡುಗಳನ್ನು ಅವರ ಮನೆಯಲ್ಲೇ ಕೂತು ದಾಖಲಿಸಬೇಕೆಂದಿದ್ದೇನೆ. ಒಳ್ಳೆಯ ಫೋನ್ ಇದೆ. ಬೇರೆ ರೆಕಾರ್ಡರ್ ಬೇಕೇ?

ಹತ್ತಿರದ ಮಾತಿಗೆ ಫೋನಿನ ಮೈಕ್ ಕೆಟ್ಟದ್ದೇನಲ್ಲ. ತೊಂದರೆ ಕೊಡುವುದು ಅದರೊಳಗಿನ ತಂತ್ರಾಂಶ. ಹೆಚ್ಚಿನ ಫೋನುಗಳು ಧ್ವನಿಯ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ, ಮಾತಲ್ಲದ್ದನ್ನು ಗದ್ದಲವೆಂದು ಅಳಿಸಿಹಾಕುತ್ತವೆ. ಎದುರಿನವರು ಕ್ಷಣ ಸುಮ್ಮನಾದರೆ ಹಿಂದಿನ ಫ್ಯಾನಿನ ಸದ್ದು ಮೆಲ್ಲಗೆ ಉಬ್ಬಿ ಬರುತ್ತದೆ, ಅವರು ಬಾಯಿ ತೆರೆದೊಡನೆ ತಟ್ಟನೆ ಅಡಗುತ್ತದೆ. ಹಾಡಿನಲ್ಲಂತೂ ದೀರ್ಘ ಸ್ವರದ ಕೊನೆಯೇ ತುಂಡಾಗಿಬಿಡಬಹುದು. ಬರೀ ಮಾತು, ಅದೂ ಅಪರೂಪಕ್ಕೆ ಎಂದಾದರೆ ಫೋನ್ ಸಾಕು. ಏರ್‌ಪ್ಲೇನ್ ಮೋಡ್‌ಗೆ ಹಾಕಿಡಿ. ಹಾಡು ಸೇರಿದೆ, ಸಂಗ್ರಹವಾಗಿ ಉಳಿಯಬೇಕು ಎಂದಾದರೆ ರೆಕಾರ್ಡರ್ ತೆಗೆದುಕೊಳ್ಳಿ.

ಆದರೆ ಡಿಕ್ಟೇಶನ್‌ಗೆಂದು ಮಾಡಿದ ಪುಟ್ಟ ವಾಯ್ಸ್ ರೆಕಾರ್ಡರ್ ಬೇಡ. ಅವುಗಳಲ್ಲಿ ಅನೇಕವು ಎಂಪಿ3ಯಲ್ಲಿ ಮಾತ್ರ ಬರೆಯುತ್ತವೆ. ಕೇಳಿ ಟೈಪ್ ಮಾಡುವುದಕ್ಕೆ ಅಷ್ಟು ಸಾಕು, ಹಾಡಿಗೆ ಸಾಲದು. ‘ಲೀನಿಯರ್ ಪಿಸಿಎಂ’ ಅಥವಾ ‘ವೇವ್’ (ಧ್ವನಿಯನ್ನು ಕುಗ್ಗಿಸದೆ ಬರೆಯುವ ಬಗೆ) ಎಂದು ಬರೆದಿರಬೇಕು, ಗೇನ್ ಅನ್ನು, ಅಂದರೆ ಮೈಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಕೈಯಿಂದ ಹೊಂದಿಸುವಂತಿರಬೇಕು, ಹೆಡ್‌ಫೋನ್ ಕಿಂಡಿ ಇರಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಅದನ್ನು ಬಿಟ್ಟು ಬೇರೆಯದನ್ನು ನೋಡಿ.

ಇನ್ನು ಇಡುವ ಜಾಗ. ಬಾಯಿಯಿಂದ 20–30 ಸೆಂ.ಮೀ. ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ ಇಡಿ. ಆಗ ‘ಪ’, ‘ಬ’ಗಳ ಉಸಿರು ಮೈಕಿಗೆ ಬಡಿಯುವುದಿಲ್ಲ. ದೂರ ಎರಡರಷ್ಟಾದರೆ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗುಂಯ್‌ಗುಡುವಿಕೆ ಮಾತ್ರ ಇದ್ದಷ್ಟೇ ಇರುತ್ತದೆ. ಎರಡು ಮೀಟರ್ ದೂರದಲ್ಲಿಟ್ಟ ದುಬಾರಿ ಯಂತ್ರಕ್ಕಿಂತ ಒಂದು ಗೇಣಿನಲ್ಲಿಟ್ಟ ಸಾಧಾರಣ ಯಂತ್ರ ಎಷ್ಟೋ ವಾಸಿ. ಬರಿಯ ಮೇಜಿನ ಮೇಲೆ ಇಡಬೇಡಿ, ಬೆರಳು ತಾಕಿದ್ದೂ ಗುಡುಗಿನಂತೆ ದಾಖಲಾಗುತ್ತದೆ. ಮಡಿಚಿದ ಟವಲ್ ಹಾಕಿ, ಇಲ್ಲವೇ ಪುಟ್ಟ ಸ್ಟ್ಯಾಂಡಿಗೆ ತಿರುಪಿ ನಿಲ್ಲಿಸಿ. ಅತಿ ಜೋರಾದ ಕ್ಷಣದಲ್ಲೂ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸಿಗೆ ನಿಲ್ಲುವಂತೆ ಗೇನ್ ಇರಲಿ. ಹಾಡುವವರು ಮಾತಿಗಿಂತ ಜೋರಾಗಿ ಹಾಡುತ್ತಾರೆ; ಆದ್ದರಿಂದ ಒಂದು ಸಾಲು ಹಾಡಿಸಿ ಹೊಂದಿಸಿಕೊಳ್ಳಿ, ಮಾತಾಡಿಸಿ ಅಲ್ಲ.

ಪ್ರಶ್ನೆ: ಒಂದರ ಪೆಟ್ಟಿಗೆಯ ಮೇಲೆ 24 ಬಿಟ್, 96 ಕಿಲೋಹರ್ಟ್ಸ್, ಇನ್ನೊಂದರ ಮೇಲೆ 32 ಬಿಟ್ ಫ್ಲೋಟ್. ಯಾವ ಅಂಕಿ ನೋಡಿ ಕೊಳ್ಳಬೇಕು?

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದನ್ನು ಬಿಟ್ಟು, ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುವುದನ್ನು ನೋಡಿ. ಅಲ್ಲಿ ಹಲವು ಸಲ ‘ಇಐಎನ್’ ಎಂಬ ಸಾಲು ಇರುತ್ತದೆ: ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವಾಗ ಯಂತ್ರ ತಾನಾಗಿ ಸೇರಿಸುವ ‘ಸುಯ್’ ಸದ್ದಿನ ಅಳತೆ ಅದು. ಮೈನಸ್ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ಬಾಯಿಗೆ ಹತ್ತಿರದ ಸಂದರ್ಶನಕ್ಕೆ ಮೈನಸ್ 110 ಡಿಬಿಯು (ಇಐಎನ್ ಅಳೆಯುವ ಡೆಸಿಬೆಲ್ ಮಾನ) ಕೂಡ ನಡೆಯುತ್ತದೆ. ಹಕ್ಕಿ, ಮೆಲುದನಿಯ ವಾದ್ಯ, ಅಥವಾ ಸಂಕೇತ ತೀರಾ ಕಡಿಮೆ ಕೊಡುವ ಡೈನಮಿಕ್ ಮೈಕ್ ಎಂದಾದರೆ ಮೈನಸ್ 120, ಸಾಧ್ಯವಾದರೆ ಮೈನಸ್ 125ರ ಆಚೆಗಿನದು ಬೇಕು. ಈ ಅಂಕಿ ಹೊರಗಿನಿಂದ ಚುಚ್ಚುವ ಮೈಕಿಗೆ ಸಂಬಂಧಿಸಿದ್ದು. ಯಂತ್ರದ್ದೇ ಮೈಕ್ ಬಳಸುವುದಾದರೆ ಆ ಮೈಕಿನ ಸ್ವಂತ ಸದ್ದೇ ಸಾಮಾನ್ಯವಾಗಿ ಮೇಲುಗೈ. ಅದನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ನಿಶ್ಶಬ್ದ ಕೋಣೆಯಲ್ಲಿ ಗೇನ್ ಮುಕ್ಕಾಲು ಏರಿಸಿ, ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಕೇಳಿ.

ಇನ್ನುಳಿದ ಅಂಕಿಗಳು. 16 ಬಿಟ್‌ಗೆ ಸುಮಾರು 96 ಡೆಸಿಬೆಲ್, 24 ಬಿಟ್‌ಗೆ 144 ಡೆಸಿಬೆಲ್ ಹರವು (ಅತಿ ಮೆಲು ಸದ್ದಿನಿಂದ ಅತಿ ಜೋರು ಸದ್ದಿನವರೆಗಿನ ಅಂತರ) ಎಂಬುದು ಲೆಕ್ಕದ ಮಾತು; ಅಂಗೈಯಗಲದ ಯಂತ್ರದ ಮೈಕಾಗಲಿ ಆಂಪ್ಲಿಫೈಯರ್ ಆಗಲಿ ಆ 144ರ ಹತ್ತಿರವೂ ಸುಳಿಯುವುದಿಲ್ಲ. ಆದರೂ 24 ಬಿಟ್ ಇಟ್ಟುಕೊಳ್ಳಿ, ಲೆವೆಲ್ ತುಸು ಕಡಿಮೆ ಇಟ್ಟು ಆಮೇಲೆ ಏರಿಸಲು ಅನುಕೂಲ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸದ್ದನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದಾಗ, 24 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ, ನಮ್ಮ ಕಿವಿ 20ಕ್ಕೇ ಸುಸ್ತು. 96 ಬೇಕಾಗುವುದು ಸದ್ದನ್ನು ನಿಧಾನಗೊಳಿಸಿ ಕೇಳುವವರಿಗೆ.

32 ಬಿಟ್ ಫ್ಲೋಟ್ ಮಾತ್ರ ಬರೀ ಜಾಹೀರಾತಲ್ಲ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಜೋರು ಸದ್ದಿಗೊಂದು, ಮೆಲು ಸದ್ದಿಗೊಂದು ಎಂದು ಧ್ವನಿಯನ್ನು ಅಂಕಿಗಳಾಗಿಸುವ ಎರಡು ಪರಿವರ್ತಕಗಳಿರುತ್ತವೆ. ಝೂಮ್ ಕಂಪನಿಯ ಎಫ್3, ಎಚ್1 ಎಸೆನ್ಷಿಯಲ್ ರೆಕಾರ್ಡರುಗಳಲ್ಲಿ ಗೇನ್ ಹೊಂದಿಸುವ ಕೆಲಸವೇ ಇಲ್ಲ (ಇಂಥವಕ್ಕೆ ಮೇಲೆ ಹೇಳಿದ ಗೇನ್ ನಿಯಮ ಬಿಡಿ). ಒಬ್ಬರೇ ಓಡಾಡಿ ದಾಖಲಿಸುವವರಿಗೆ, ಸದ್ದು ಯಾವಾಗ ಏರುತ್ತದೋ ಗೊತ್ತಿಲ್ಲದ ಕಡೆ, ಇದು ನಿಜವಾದ ಉಪಕಾರ. ಹಾಗೆಂದು ಮೈಕಿಗೇ ತಡೆಯಲಾಗದ ಸದ್ದು ಬಂದರೆ ಧ್ವನಿ ಅಲ್ಲೇ ಒಡೆಯುತ್ತದೆ, ಯಾವ ಬಿಟ್ಟೂ ಅದನ್ನು ಜೋಡಿಸದು. ದೂರದ ಮೈಕ್ ಹತ್ತಿರವೂ ಆಗದು. ಇನ್ನೊಂದು ಎಚ್ಚರ: ಎಫ್3ರಲ್ಲಿ ಸ್ವಂತ ಮೈಕ್ ಇಲ್ಲವೇ ಇಲ್ಲ, ಹೊರಗಿನ ಮೈಕ್ ಚುಚ್ಚಲು ಮೂರು ಪಿನ್ನಿನ ಎರಡು ಎಕ್ಸ್‌ಎಲ್‌ಆರ್ ಕಿಂಡಿಗಳಷ್ಟೇ. ಚಿತ್ರ ನೋಡಿ ತರಿಸಿಕೊಂಡವರು ಪೆಚ್ಚಾಗುವುದು ಇಲ್ಲೇ.

ಪ್ರಶ್ನೆ: ಎಷ್ಟು ದೊಡ್ಡ ಕಾರ್ಡ್ ಬೇಕು?

48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ: ಗಂಟೆಗೆ ಸುಮಾರು 1 ಜಿಬಿ. 32 ಬಿಟ್ ಫ್ಲೋಟ್ ಆದರೆ ಸುಮಾರು 1.4 ಜಿಬಿ. 32 ಜಿಬಿ ಕಾರ್ಡ್ ಧಾರಾಳ. ಹಳೆಯ ಯಂತ್ರವಾದರೆ 64 ಜಿಬಿ ಕೊಳ್ಳುವ ಮುಂಚೆ ಕೈಪಿಡಿ ನೋಡಿ, ಕೆಲವು ಅದನ್ನು ಗುರುತಿಸುವುದಿಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ.

ಪ್ರಶ್ನೆ: ಫೋನಿಗೆ ಬಳಸುವ ಕಾಲರ್ ಮೈಕನ್ನು ರೆಕಾರ್ಡರಿಗೆ ಹಾಕಿದರೆ ಸದ್ದೇ ಇಲ್ಲ. ಮೈಕ್ ಕೆಟ್ಟಿದೆಯೇ?

ಬಹುಶಃ ಇಲ್ಲ. ಪಿನ್ನಿನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿ. ಮೂರಿದ್ದರೆ ಅದು ಫೋನಿನ ನಾಲ್ಕು ಸಂಪರ್ಕದ ಪಿನ್, ರೆಕಾರ್ಡರಿಗೆ ಎರಡು ಉಂಗುರದ್ದು ಬೇಕು. ಟಿಆರ್‌ಆರ್‌ಎಸ್‌ನಿಂದ (ಮೂರು ಉಂಗುರ) ಟಿಆರ್‌ಎಸ್‌ಗೆ (ಎರಡು ಉಂಗುರ) ಎಂಬ ಅಡಾಪ್ಟರ್ ಸಿಗುತ್ತದೆ. ಎರಡೇ ಉಂಗುರವಿದ್ದೂ ಸದ್ದಿಲ್ಲದಿದ್ದರೆ ಮೆನುವಿನಲ್ಲಿ ‘ಪ್ಲಗ್-ಇನ್ ಪವರ್’ ಆನ್ ಮಾಡಿ. ಈ ಮೈಕಿಗೆ ಬೇಕಾದ ಎರಡು-ಮೂರು ವೋಲ್ಟ್ ಅಲ್ಲಿಂದ ಬರುತ್ತದೆ. 48 ವೋಲ್ಟಿನ ಫ್ಯಾಂಟಮ್ ಪವರ್ ಬೇರೆಯದೇ ಸಂಗತಿ, ಅದು ಎಕ್ಸ್‌ಎಲ್‌ಆರ್ ಮೈಕುಗಳಿಗೆ.

ಪ್ರಶ್ನೆ: ಸಭೆಯ ಸೌಂಡ್ ಮಿಕ್ಸರಿನಿಂದ ಎಕ್ಸ್‌ಎಲ್‌ಆರ್ ಕೇಬಲ್ ಎಳೆದು, ಅಡಾಪ್ಟರ್ ಮೂಲಕ ರೆಕಾರ್ಡರಿನ 3.5 ಮಿ.ಮೀ. ಕಿಂಡಿಗೆ ಹಾಕಿದ್ದೆ. ಹೆಡ್‌ಫೋನಿನಲ್ಲಿ ಮಾತು ಕೇಳುತ್ತದೆ, ಫೋನಿನ ಸ್ಪೀಕರಿನಲ್ಲಿ ಮಾಯ!

ಮಿಕ್ಸರ್ ಕಳಿಸುವುದು ಒಂದೇ ಧ್ವನಿಯ ಎರಡು ಪ್ರತಿ, ಎರಡನೆಯದು ಉಲ್ಟಾ. ನಿಮ್ಮ ಅಡಾಪ್ಟರ್ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕೊಟ್ಟಿದೆ. ಕಿವಿಗೊಂದೊಂದು ಹೋದಾಗ ಕೇಳುತ್ತದೆ. ಒಂದೇ ಸ್ಪೀಕರಿನಲ್ಲಿ ಬೆರೆತಾಗ ಒಂದನ್ನೊಂದು ಹೊಡೆದುಹಾಕುತ್ತವೆ. ಆಗಿರುವ ಫೈಲ್ ಉಳಿಸುವುದು ಸುಲಭ: ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಆಗಿ ಬೇರ್ಪಡಿಸಿ, ಒಂದನ್ನು ಅಳಿಸಿ.

ಮುಂದಿನ ಸಲ ಮಿಕ್ಸರಿನಲ್ಲಿ ‘ರೆಕ್ ಔಟ್’ ಅಥವಾ ‘ಟೇಪ್ ಔಟ್’ ಎಂಬ ಆರ್‌ಸಿಎ ಕಿಂಡಿಗಳ (ಹಳೆಯ ಟಿವಿ, ಡಿವಿಡಿ ಯಂತ್ರಗಳ ದುಂಡು ಕಿಂಡಿ) ಜೋಡಿ ಇದೆಯೇ ನೋಡಿ, ಅದರಿಂದ 3.5 ಮಿ.ಮೀ. ಸ್ಟೀರಿಯೋ ಕೇಬಲ್ ಎಳೆಯಿರಿ. ರೆಕಾರ್ಡರಿನಲ್ಲಿ ಲೈನ್ ಇನ್ (ಮೈಕಿಗಿಂತ ಜೋರಾದ ಸಂಕೇತಕ್ಕೆಂದೇ ಇರುವ ಆಯ್ಕೆ) ಆರಿಸಿ, ಪ್ಲಗ್-ಇನ್ ಪವರ್ ಆಫ್ ಮಾಡಿ. ಬರೀ ಮೈಕ್ ಇನ್ ಇದ್ದರೆ 20ರಿಂದ 40 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಬೇಕೇ ಬೇಕು. ಮೈಕಿನಿಂದ ಬರುವುದು ಮಿಲಿವೋಲ್ಟುಗಳು. ಮಿಕ್ಸರಿನ ಮುಖ್ಯ ಔಟ್‌ಪುಟ್ 1 ವೋಲ್ಟಿಗೂ ಮೇಲೆ. ಅಟೆನ್ಯುಯೇಟರ್ ಇಲ್ಲದಿದ್ದರೆ, ಗೇನ್ ಪೂರ್ತಿ ಇಳಿಸಿದರೂ ರೆಕಾರ್ಡರಿನ ಮೊದಲ ಹಂತದಲ್ಲೇ ಧ್ವನಿ ಒಡೆದಿರುತ್ತದೆ, ಮೀಟರ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ.

ಪ್ರಶ್ನೆ: ಎರಡು ಗಂಟೆ ರೆಕಾರ್ಡ್ ಮಾಡಿದ್ದು ಕಾರ್ಡಿನಲ್ಲಿ ಸೊನ್ನೆ ಬೈಟ್ ಎಂದು ತೋರಿಸುತ್ತಿದೆ.

ಸ್ಟಾಪ್ ಒತ್ತುವ ಮೊದಲೇ ಬ್ಯಾಟರಿ ಸತ್ತಿರಬೇಕು ಅಥವಾ ಕಾರ್ಡ್ ಹೊರಬಂದಿರಬೇಕು. ಫೈಲಿನ ಉದ್ದವನ್ನು ಯಂತ್ರ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅದಾಗದಿದ್ದರೆ ಧ್ವನಿ ಕಾರ್ಡಿನಲ್ಲಿದ್ದೂ ಕಾಣುವುದಿಲ್ಲ. ಆ ಕಾರ್ಡಿಗೆ ಇನ್ನೇನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಮೊದಲು ಅದೇ ರೆಕಾರ್ಡರಿಗೆ ಹಾಕಿ ಆನ್ ಮಾಡಿ, ಕೆಲವು ಮಾದರಿಗಳು ತಾವೇ ದುರಸ್ತಿ ಮಾಡಿಕೊಳ್ಳುತ್ತವೆ. ಆಗದಿದ್ದರೆ ಕಂಪ್ಯೂಟರಿನಲ್ಲಿ ಫೈಲ್ ರಿಕವರಿ ತಂತ್ರಾಂಶ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸಿ, ಆಡಾಸಿಟಿಯಲ್ಲಿ ‘ರಾ ಡೇಟಾ’ ಎಂದು ತೆರೆಯಿರಿ. ಬಿಟ್, ಕಿಲೋಹರ್ಟ್ಸ್ ರೆಕಾರ್ಡ್ ಮಾಡಿದ್ದೇ ಆಗಿರಬೇಕು, ಇಲ್ಲದಿದ್ದರೆ ಬರೀ ಕರ್ಕಶ ಕೇಳುತ್ತದೆ.

ಫೈಲೇ ಕಾಣದಿದ್ದರೆ ಕಾರಣ ಬೇರೆ. ಟ್ಯಾಸ್ಕಾಮ್ ಡಿಆರ್-05ರಂಥ ಯಂತ್ರಗಳಲ್ಲಿ ರೆಕಾರ್ಡ್ ಗುಂಡಿಯನ್ನು ಒಮ್ಮೆ ಒತ್ತಿದರೆ ಕೆಂಪು ದೀಪ ಮಿಣುಕುತ್ತದೆ, ಮೀಟರ್ ಕುಣಿಯುತ್ತದೆ, ಆದರೆ ಏನೂ ದಾಖಲಾಗುತ್ತಿರುವುದಿಲ್ಲ. ಎರಡನೆಯ ಸಲ ಒತ್ತಬೇಕು. ಆಗ ದೀಪ ಸ್ಥಿರವಾಗಿ ಉರಿಯುತ್ತದೆ, ಸಮಯದ ಅಂಕಿ ಓಡತೊಡಗುತ್ತದೆ.