ಅಜ್ಜನ ಸೇನಾ ದಾಖಲೆಯಲ್ಲಿರುವ ಅಕ್ಷರಗಳು

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾ ಗಡಿಯಲ್ಲಿ ಲಾರಿ ಓಡಿಸುತ್ತಿದ್ದರೆಂದು ಮನೆಯಲ್ಲಿ ಎಲ್ಲರೂ ನಂಬಿದ್ದೇವೆ. ಅವರ ಟ್ರಂಕಿನಲ್ಲಿ ಸಿಕ್ಕ ಸೇವಾ ದಾಖಲೆಯಲ್ಲಿ ‘ಡಿ.ವಿ.ಆರ್.’, ‘ಆರ್.ಐ.ಎ.ಎಸ್.ಸಿ.’, ‘ಎ.ಟಿ.’ ಎಂದಿದೆ. 1944ರ ಏಪ್ರಿಲ್‌ನಲ್ಲಿ ‘ಎಸ್.ಓ.ಎಸ್.’, ಅದರ ಕೆಳಗೆ ‘ಐ.ಜಿ.ಎಚ್.’, ಜೂನ್‌ನಲ್ಲಿ ‘ಡಿಸ್ಚ್.’, ಅದರ ನಂತರ ‘ಟಿ.ಓ.ಎಸ್.’ ಎಂದು ಬರೆದಿದ್ದಾರೆ. ತಪ್ಪು ಮಾಡಿದ್ದಕ್ಕೆ ಅವರನ್ನು ಸೇನೆಯಿಂದ ತೆಗೆದುಹಾಕಿರಬೇಕೆಂದು ಪರಿಚಿತರೊಬ್ಬರು ಹೇಳಿದ್ದರಿಂದ ದೊಡ್ಡಪ್ಪನವರು ಬಹಳ ನೊಂದಿದ್ದಾರೆ. ನಮ್ಮ ಹಳ್ಳಿ ಮೂಡಿಗೆರೆಯ ಹತ್ತಿರ; ಹಾಳೆಯಲ್ಲಿ ಕಡೂರು ಎಂದಿರುವುದರಿಂದ ಅದು ಬೇರೆಯವರದೇ ಎಂಬ ಅನುಮಾನವೂ ಇದೆ.
— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ದೊಡ್ಡಪ್ಪನವರಿಗೆ ಸಮಾಧಾನ ಹೇಳಿ. ‘ಎಸ್.ಓ.ಎಸ್.’ ಎಂದರೆ ‘ಸ್ಟ್ರಕ್ ಆಫ್ ಸ್ಟ್ರೆಂತ್’, ಅಂದರೆ ಒಂದು ತುಕಡಿಯ ಹಾಜರಿ ಬಲದಿಂದ ಹೆಸರನ್ನು ಇಳಿಸಿದ್ದು, ‘ಟಿ.ಓ.ಎಸ್.’ ಎಂದರೆ ‘ಟೇಕನ್ ಆನ್ ಸ್ಟ್ರೆಂತ್’, ಒಂದು ತುಕಡಿಯ ಬಲಕ್ಕೆ ಹೆಸರನ್ನು ಸೇರಿಸಿಕೊಂಡದ್ದು. ವರ್ಗವಾದರೂ, ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ಬಹಳ ದಿನ ಉಳಿದರೂ ಹೆಸರನ್ನು ಹೀಗೆ ಇಳಿಸುತ್ತಿದ್ದರು. ಹಾಗೆ ಇಳಿಸಿದರೆ ಮಾತ್ರ ಆ ಜಾಗಕ್ಕೆ ಬೇರೆಯವರನ್ನು ತರಲು ಸಾಧ್ಯವಾಗುತ್ತಿತ್ತು. ಇದರಲ್ಲಿ ಶಿಕ್ಷೆಯ ಸೋಂಕೂ ಇಲ್ಲ. ‘ಐ.ಜಿ.ಎಚ್.’ ಎಂದರೆ ‘ಇಂಡಿಯನ್ ಜನರಲ್ ಹಾಸ್ಪಿಟಲ್’. ಆ ಸಾಲಿನ ನಂತರ ಬರುವ ‘ಡಿಸ್ಚ್.’ ಆಸ್ಪತ್ರೆಯಿಂದ ಬಿಡುಗಡೆಯಾದದ್ದನ್ನು ಹೇಳುತ್ತದೆಯೇ ಹೊರತು ಸೇನೆಯಿಂದಲ್ಲ. ಸೇನೆಯಿಂದಲೇ ತೆಗೆದುಹಾಕಿದ್ದರೆ ಅದರ ಕೆಳಗೆ ‘ಟಿ.ಓ.ಎಸ್.’ ಬರುವ ಪ್ರಶ್ನೆಯೇ ಇರುತ್ತಿರಲಿಲ್ಲ. ಆ ಕೊನೆಯ ನಮೂದಿನ ಪಕ್ಕದಲ್ಲಿರುವ ತುಕಡಿಯ ಹೆಸರು ಏಪ್ರಿಲ್‌ನಲ್ಲಿದ್ದದ್ದೇ ಅಥವಾ ಬೇರೆಯದೇ ಎಂಬುದನ್ನು ಗಮನಿಸಿದರೆ, ಅವರು ಗುಣವಾಗಿ ಮರಳಿದ್ದು ಎಲ್ಲಿಗೆ ಎಂಬುದೂ ತಿಳಿಯುತ್ತದೆ.

‘ಆರ್.ಐ.ಎ.ಎಸ್.ಸಿ.’ ಎಂದರೆ ‘ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್’, ಸೇನೆಗೆ ಆಹಾರ, ಇಂಧನ ಮತ್ತು ಸಾಗಣೆಯನ್ನು ಒದಗಿಸುತ್ತಿದ್ದ ದಳ. ‘ಡಿ.ವಿ.ಆರ್.’ ಡ್ರೈವರ್ ಎಂಬುದು ನಿಜವಾದರೂ, ಮುಂದಿರುವ ‘ಎ.ಟಿ.’ಯು ‘ಅನಿಮಲ್ ಟ್ರಾನ್ಸ್‌ಪೋರ್ಟ್’ ಎಂಬುದರ ಸಂಕ್ಷೇಪವಾದ್ದರಿಂದ, ನಿಮ್ಮ ಅಜ್ಜ ನಡೆಸಿದ್ದು ಲಾರಿಯನ್ನಲ್ಲ, ಬಹುಮಟ್ಟಿಗೆ ಹೇಸರಗತ್ತೆಗಳನ್ನು. ಇದನ್ನು ಕಿರಿದೆಂದು ದಯವಿಟ್ಟು ಎಣಿಸಬೇಡಿ. ಬರ್ಮಾ ಗಡಿಯ ಗುಡ್ಡಗಳಲ್ಲಿ ಲಾರಿ ಏರಲಾಗದ ಕಾಲುದಾರಿಗಳಲ್ಲಿ ಮದ್ದುಗುಂಡು, ನೀರು, ಅಕ್ಕಿಯನ್ನು ಮುಂಚೂಣಿಗೆ ಮುಟ್ಟಿಸಿದ್ದು ಈ ಪ್ರಾಣಿಗಳು ಮತ್ತು ಅವುಗಳ ಹಗ್ಗ ಹಿಡಿದು ನಡೆದವರು. 1944ರ ಏಪ್ರಿಲ್ ಎಂದರೆ ಇಂಫಾಲ ಮತ್ತು ಕೊಹಿಮಾದಲ್ಲಿ ಜಪಾನೀ ಸೇನೆಯೊಡನೆ ಘೋರ ಯುದ್ಧ ನಡೆಯುತ್ತಿದ್ದ ತಿಂಗಳು.

ಆಸ್ಪತ್ರೆಯ ಸಾಲಿನಲ್ಲಿ ‘ಬಿ.ಟಿ.’ ಅಥವಾ ‘ಎಂ.ಟಿ.’ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ತುಕಡಿಯ ಹೆಸರಿನಲ್ಲಿ ‘ಎಂ.ಟಿ.’ ಬಂದರೆ ಅದು ಮೋಟಾರು ಸಾಗಣೆ. ರೋಗದ ಕಾಲಂನಲ್ಲಿ ಬಂದರೆ ಮಲೇರಿಯಾದ ಮಾರಕ ಬಗೆ, ‘ಬಿ.ಟಿ.’ ಅದರ ಸೌಮ್ಯ ಬಗೆ. ಹೀಗೆ ಅಕ್ಷರಗಳು ಒಂದೇ ಆದರೂ ಯಾವ ಕಾಲಂನಲ್ಲಿವೆ ಎಂಬುದರಿಂದ ಅರ್ಥ ಬದಲಾಗುತ್ತದೆ. ಆದ್ದರಿಂದ ಸಂಕ್ಷೇಪಗಳ ಪಟ್ಟಿಯೊಂದನ್ನೇ ನಂಬಿ ಓದಬಾರದು.

ಕಡೂರಿನ ವಿಷಯದಲ್ಲಿ ಅನುಮಾನ ಬೇಡ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿದ್ದು, ಮೂಡಿಗೆರೆಯೂ ಅದಕ್ಕೆ ಸೇರಿತ್ತು. ಸೇರ್ಪಡೆಯ ಗುಮಾಸ್ತರು ಬರೆದಿರುವುದು ಜಿಲ್ಲೆಯ ಹೆಸರನ್ನು. ಆದರೂ ಖಚಿತಪಡಿಸಿಕೊಳ್ಳಲು ಹಾಳೆಯ ಮೇಲಿರುವ ಸೇನಾ ಸಂಖ್ಯೆಯನ್ನು ಬಿಡುಗಡೆ ಪತ್ರದಲ್ಲಿ ಅಥವಾ ಪದಕದ ಅಂಚಿನಲ್ಲಿ ಇರುವ ಸಂಖ್ಯೆಯೊಡನೆ ಹೋಲಿಸಿ. ತಂದೆಯ ಹೆಸರೂ ಹೊಂದಿದರೆ ಆ ದಾಖಲೆ ನಿಮ್ಮ ಅಜ್ಜನದೇ.